ಅವನು ಹೇಳಿದ ಸೋಲು

“ಇದು ಬರೀ ಹಾಡಲ್ಲ... ಇಡೀ ಸೋಲು.”

ಹಲ್ಲಿನ ಡಾಕ್ಟರಮ್ಮ ತಂದಿದ್ದ ರೆಕಾರ್ಡ್ ಮುಗಿದ ಕೂಡಲೇ ಅಪರಿಚಿತನೊಬ್ಬ ಆಡಿದ ಈ ಮಾತಿಗೆ ಅವಳ ಮುಖ ಬಿಸಿಯಾಯಿತು.

ಲೈಬ್ರರಿಯ ಮಹಡಿಯ ಕೋಣೆಯಲ್ಲಿ ಭಾನುವಾರ ಸಂಜೆ ಹಳೆಯ ಹಾಡು ಕೇಳುವವರು ಸೇರುತ್ತಾರೆಂದು ತಿಳಿದು ಬಂದಿದ್ದಳು. ಈಗಷ್ಟೇ ಧೈರ್ಯ ಮಾಡಿ ಹೇಳಿದ್ದಳು, “ಗಂಡನ ಮನೆ ಬಿಟ್ಟು ಬಂದ ಮೇಲೆ ನನಗೆ ಜೊತೆಗಿದ್ದಿದ್ದು ಇದೊಂದೇ ಹಾಡು.” ಅದಕ್ಕೆ ಈ ಉತ್ತರ!

ಸೋಲು... ಅವಳ ಮುರಿದ ಮದುವೆಗೆ ಅಮ್ಮ ಇಟ್ಟ ಹೆಸರೂ ಅದೇ.

ಅವನು ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುವವನು. ಮಾತು ಕಮ್ಮಿ.

ಎದೆಯಾಳದಿಂದ ಎದ್ದು ಬರುವ ಅಂಥ ಹಾಡುಗಳಿಗೆ ಇಂಗ್ಲಿಷಿನಲ್ಲಿ ಸೋಲ್, ಅಂದರೆ ಆತ್ಮ, ಎನ್ನುತ್ತಾರೆಂದು ಅವಳಿಗೆ ತಿಳಿದದ್ದು ಆಮೇಲೆ. ಆದರೆ ಒಮ್ಮೆ ನಾಟಿದ ಮಾತನ್ನು ಯಾರು ಕಿತ್ತು ನೋಡುತ್ತಾರೆ?

ಸೋಲ್ ಹಾಡುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಅಲ್ಲಿ ವಾರವಾರವೂ ವಾದ. ಅವನು ಮೇಲೇರಿಸಿದ್ದನ್ನು ಇವಳು ಹಲ್ಲು ಕಚ್ಚಿ ಕೆಳಗಿಳಿಸುತ್ತಿದ್ದಳು.

“ಬರೀ ಕಿರುಚಾಟ. ಮೊದಲ ಹತ್ತರಲ್ಲೂ ಬೇಡ.”

“ಆ ಅಳು ನಿಮಗೆ ಕಿರುಚಾಟ ಅನ್ಸುತ್ತಾ?”

“ದಿನಾ ಬಾಯಿ ತೆರೆದು ಕಿರುಚೋರನ್ನೇ ನೋಡೋಳು ನಾನು. ವ್ಯತ್ಯಾಸ ಗೊತ್ತಾಗುತ್ತೆ.”

ಎಲ್ಲರೂ ನಕ್ಕರು. ಅವನೂ ನಕ್ಕ. ಆ ನಗುವೇ ಅವಳನ್ನು ಕಾಡತೊಡಗಿತು.

ಭಾನುವಾರ ಬಂತೆಂದರೆ ಕನ್ನಡಿ ಮುಂದೆ ಯಾಕಿಷ್ಟು ಹೊತ್ತು? ನನ್ನ ಬದುಕನ್ನೇ ಸೋಲು ಅಂದವನಿಗಾಗಿಯಾ? ತನ್ನ ಮೇಲೇ ಅಸಹ್ಯವಾಯಿತು. ಇವತ್ತೇ ಕೊನೆ, ಇನ್ನು ಇಲ್ಲಿಗೆ ಬರುವುದಿಲ್ಲ ಎಂದು ನಿರ್ಧರಿಸಿಯೇ ಆ ಸಂಜೆ ಮೆಟ್ಟಿಲೇರಿದಳು.

ಯಾವ ಹಾಡು ದೊಡ್ಡದು ಎಂಬ ವಾದಕ್ಕೆ ಅಂದು ಕೊನೆಯ ತೀರ್ಮಾನ. ಅವನು ಎದ್ದು ನಿಂತ.

“ಮೊದಲ ಸ್ಥಾನ ಡಾಕ್ಟರಮ್ಮನ ಹಾಡಿಗೆ.”

“ನಿಮ್ಮ ಕನಿಕರ ಬೇಡ,” ಅವಳೂ ಎದ್ದು ನಿಂತಳು. “ಇಡೀ ಸೋಲು ಅಂದಿದ್ರಲ್ಲ, ಅವತ್ತು?”

“ಹೌದು. ಅದಕ್ಕೇ ಮೊದಲು. ಅಷ್ಟು ಸೋಲು ಇರೋ ಹಾಡು ಇನ್ನೊಂದಿಲ್ಲ.”

ಲೈಬ್ರರಿ ನೋಡಿಕೊಳ್ಳುವ ಅಕ್ಕ ಹಣೆ ಚಚ್ಚಿಕೊಂಡಳು.

“ಅಯ್ಯೋ ಹುಡುಗಿ, ಇವನ ಬಾಯಲ್ಲಿ ಎಲ್ಲ ಇಂಗ್ಲಿಷ್ ಪದಕ್ಕೂ ಒಂದು ‘ಉ’ ಬಾಲ ಇರ್ಬೇಕು. ಪಿನ್ನು, ಪ್ಲಗ್ಗು, ಸ್ಪೀಕರು... ನಾವು ಸೋಲ್ ಅಂದ್ರೆ ಇವನು ಸೋಲು ಅಂತಾನೆ ಕಣೇ!”

ಅವಳ ಕೈ ತಾನಾಗಿಯೇ ಬಾಯಿಗೆ ಹೋಯಿತು. ಅವನ ಮುಖ ಬಿಳಿಚಿಕೊಂಡಿತು.

“ನೀವು ಇಷ್ಟು ದಿನ... ಆ ಸೋಲು ಅಂದ್ಕೊಂಡಿದ್ರಾ?”

ಅವಳು ತಲೆ ತಗ್ಗಿಸಿದಳು. ಉಳಿದವರು ಮೆಲ್ಲಗೆ ಕೆಳಗಿಳಿದು ಹೋದರು. ಅವನು ಅವಳ ರೆಕಾರ್ಡನ್ನು ಎರಡೂ ಅಂಗೈಗಳಲ್ಲಿ ಎತ್ತಿ, ಪ್ಲೇಯರ್ ಮೇಲಿಟ್ಟು ಮುಳ್ಳು ಇಳಿಸಿದ.

“ಬಿಟ್ಟು ಬಂದು ಬದುಕಿದೋರನ್ನ ಸೋತರು ಅನ್ನೋ ನಾಲಿಗೆ ಅಲ್ಲ ನಂದು,” ಎಂದ. “ಮುಂದಿನ ಭಾನುವಾರ ಬರ್ತೀರಲ್ಲ?”

“ವಾದಕ್ಕೆ ಇನ್ನೇನು ಉಳಿದಿದೆ? ನೀವೇ ಸೋತ್ರಲ್ಲ.”

“ನಾನು ಸೋತಿದ್ದು ಮೊದಲ ದಿನಾನೇ.”

ಅವಳು ಕಣ್ಣೆತ್ತಿದಳು. “ಯಾವ ಸೋಲು?”

“ಈ ಸಲ ಕನ್ನಡದ್ದೇ, ಡಾಕ್ಟರಮ್ಮ.”

ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಅವಳು ಕೆಳಗಿಳಿಸಿದಳು.

“ಕೂತ್ಕೊಳ್ಳಿ... ಹಾಡು ಇನ್ನೂ ಇದೆ.”