ಹಲಗೆಯ ಮೇಲಿನ ದಾರಿ

ಸೇನೆಯ ಲಾರಿಗಳು ಸಾಲಾಗಿ ಹೊರಡುವ ಗೇಟಿನಲ್ಲಿ ನನ್ನ ಕೆಲಸ. ಅಂದಿನ ದಾರಿಯ ಹೆಸರನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಹಗ್ಗ ಎಳೆದು ಅಡ್ಡಕಂಬ ಎತ್ತಬೇಕು. ಶತ್ರುಗಳು ಹೊಂಚು ಹಾಕುವ ಪ್ರದೇಶವಾದ್ದರಿಂದ ನಿನ್ನೆ ಹೋದ ದಾರಿಯಲ್ಲಿ ಇವತ್ತು ಹೋಗುವಂತಿಲ್ಲ.

ಒಂದು ದಿನ ಸಾಹೇಬರು ಹೇಳಿದ ಹೊಸ ದಾರಿ ಇಂಜಿನ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಮತ್ತೆ ಕೇಳಿದರೆ ಬೈದಾರೆಂದು ಹಿಂದಿನ ದಿನದ ಹೆಸರನ್ನೇ ಅಳಿಸದೆ ಬಿಟ್ಟೆ. ನೆಲಬಾಂಬಿಗೆ ಐದನೇ ಲಾರಿ ಸಿಡಿಯಿತು, ಚಾಲಕ ಸತ್ತ. ತಪ್ಪು ಸಾಹೇಬರ ತಲೆಗೆ ಬಂತು, ಅವರನ್ನು ಎತ್ತಂಗಡಿ ಮಾಡಿದರು. ಸತ್ತವನ ಹೆಂಡತಿ ಗೇಟಿಗೆ ಬಂದು ಅತ್ತಾಗಲೂ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ತಿಂಗಳ ನಂತರ, ಮಟಮಟ ಮಧ್ಯಾಹ್ನ, ನಾಲ್ಕು ಲಾರಿ ಗೇಟು ದಾಟಿದವು. ಅವುಗಳ ಹಿಂದಿನದು ಒಂದು ಲಾರಿಯಷ್ಟು ಜಾಗ ಬಿಟ್ಟು ನಿಂತುಬಿಟ್ಟಿತು. ಆ ಖಾಲಿ ಜಾಗದಿಂದ ಇಂಜಿನ್ನಿನ ಬಿಸಿಗಾಳಿ ನನ್ನ ಮುಖಕ್ಕೆ ಬಡಿಯಿತು. ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಿಗೆ ನೆಲದಿಂದ ಧೂಳೆದ್ದು, ಗೇಟು ದಾಟಿ ಹೋಯಿತು.

ನಿಂತಿದ್ದ ಲಾರಿ ಮುಂದೆ ಬಂತು. ಅದರ ಚಾಲಕ ಅಂದೇ ಬೆಳಿಗ್ಗೆ ನಮ್ಮಲ್ಲಿಗೆ ಬಂದವನು, ಯಾರ ಪರಿಚಯವೂ ಇಲ್ಲದವನು.

"ಯಾಕಣ್ಣಾ, ಅಲ್ಲೇ ನಿಂತುಬಿಟ್ಟೆ?" ಎಂದೆ.

"ಮುಂದಿನ ಗಾಡಿಗೆ ಗುದ್ದಲೇನವ್ವಾ? ಅವನು ಕಿಟಕಿಯಿಂದ ಬಗ್ಗಿ ನಿನ್ನನ್ನೇ ಕೇಳ್ತಿದ್ನಲ್ಲ, 'ಇವತ್ತು ಯಾವ ದಾರಿ ತಂಗಿ' ಅಂತ. ಮೂರು ಸಲ ಕೇಳಿದ. ಅಷ್ಟು ಹೇಳೋಕೂ ಬಾಯಿ ಬರಲ್ವಾ ನಿಂಗೆ?"