ವೈರಸ್‌ಗೆ ಬಿದ್ದ ಸಹಿ

ಮಾರ್ಚ್ 9, ಸೋಮವಾರ, ಬೆಳಗ್ಗೆ 10.40. ದೂರುದಾರಳು ಇನ್‌ಸ್ಪೆಕ್ಟರ್ ಎದುರು ಕುರ್ಚಿಯ ತುದಿಯಲ್ಲಿ ಕುಳಿತಳು. ಪರದೆಯ ಮೇಲಿನ ಅಕ್ಷರಗಳನ್ನು ಅಂಧರಿಗೆ ಓದಿ ಹೇಳುವ ಸಾಫ್ಟ್‌ವೇರ್ ಅವಳೇ ತಯಾರಿಸಿದ್ದು. ವಾರದಿಂದ ಆಂಟಿವೈರಸ್ ಅದನ್ನೇ ವೈರಸ್ ಎಂದು ಹಿಡಿದು ಅಳಿಸಿಹಾಕುತ್ತಿತ್ತು.

"ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಅತ್ತುಬಿಟ್ರು ಸಾರ್. ಎರಡನೇ ಸಲ ಕಣ್ಣು ಹೋದ ಹಾಗಾಯ್ತು ಅಂದ್ರು. ಅವರನ್ನ ಮನೆಗೆ ಕಳಿಸಿದ್ದಾರೆ."

"ಅದಕ್ಕೆ ಆಂಟಿವೈರಸ್ ಕಂಪನಿನ ಕೇಳ್ಬೇಕು. ಇಲ್ಲಿಗ್ಯಾಕೆ ಬಂದ್ರಿ?"

ಅವಳು ಕಂಪನಿಯ ಉತ್ತರವನ್ನು ಮುಂದಿಟ್ಟಳು. ಫೆಬ್ರವರಿ 28ರ ಶನಿವಾರ ಸಂಜೆ 4.15ಕ್ಕೆ ಯಾರೋ ನಿಜವಾದ ವೈರಸ್ಸಿಗೆ ಸಾಫ್ಟ್‌ವೇರ್ ಅವಳದೇ ಎಂದು ದೃಢಪಡಿಸುವ ಡಿಜಿಟಲ್ ಸಹಿ ಹಾಕಿ ಅಂತರ್ಜಾಲಕ್ಕೆ ಬಿಟ್ಟಿದ್ದರು. ಅಂದಿನಿಂದ ಆ ಸಹಿ ಇದ್ದದ್ದೆಲ್ಲ ಆಂಟಿವೈರಸ್ ಪಾಲಿಗೆ ವೈರಸ್ಸೇ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ಆ ಸಹಿಯನ್ನು ತುಂಬಿಟ್ಟ ಪೆನ್‌ಡ್ರೈವ್ ಇರುತ್ತಿದ್ದುದು ಮನೆಯಲ್ಲಿ ಅವಳ ಮೇಜಿನ ಡ್ರಾಯರಿನಲ್ಲಿ. ಮಧ್ಯಾಹ್ನ ಅಲ್ಲಿ ಪಂಚನಾಮೆ ನಡೆಯಿತು. ಪೆನ್‌ಡ್ರೈವ್ ಇದ್ದಲ್ಲೇ ಇತ್ತು, ಯಾವ ಬೀಗವನ್ನೂ ಒಡೆದಿರಲಿಲ್ಲ.

"ಆವತ್ತು ಸಂಜೆ ಎಲ್ಲಿದ್ರಿ?"

"ಅಂಧರ ಶಾಲೇಲಿ. ನನಗೆ ಸನ್ಮಾನ ಇತ್ತು."

"ಮನೆಯ ಇನ್ನೊಂದು ಬೀಗದ ಕೈ?"

"ಮಹಡಿ ಮೇಲೆ ಅಕ್ಕನ ಹತ್ರ. ಸನ್ಮಾನಕ್ಕೆ ಕರೆದೆ, ತಲೆನೋವು ಅಂದ್ಲು."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಯಾರಿಗೂ..." ಅವಳು ತಡವರಿಸಿದಳು. "ಪಾಸ್‌ವರ್ಡ್ ಹೇಗೆ ಇಡಬೇಕು ಅಂತ ಹೇಳ್ಕೊಟ್ಟಿದ್ದೇ ಅಕ್ಕ."

ಅಕ್ಕ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದಳು. ಮಹಿಳಾ ಕಾನ್‌ಸ್ಟೇಬಲ್ ಆಕೆಯ ಲ್ಯಾಪ್‌ಟಾಪ್ ಜಪ್ತಿ ಮಾಡಿ ತಜ್ಞರಿಗೆ ಕಳಿಸಿದಳು. ಮಂಗಳವಾರ ದೂರುದಾರಳಿಗೆ ಹೊಸ ಸಹಿ ಸಿಕ್ಕಿ ಸಾಫ್ಟ್‌ವೇರ್ ಮತ್ತೆ ಮಾತಾಡತೊಡಗಿತು. ಆಪರೇಟರ್ ಕೆಲಸಕ್ಕೆ ಮರಳಿದರು. ಬುಧವಾರ ತಜ್ಞರ ವರದಿ ಬಂತು. ಅದೇ ವೈರಸ್ಸಿನ, ಇನ್ನೂ ಸಹಿ ಹಾಕಿರದ ಪ್ರತಿ ಅಕ್ಕನ ಲ್ಯಾಪ್‌ಟಾಪಿನಲ್ಲಿತ್ತು.

ಮಧ್ಯಾಹ್ನ 3.20ಕ್ಕೆ ಬಂಧನ. ತಂಗಿ ಮೆಟ್ಟಿಲ ಬಳಿ ನಿಂತಿದ್ದಳು.

"ಯಾಕಕ್ಕ?"

ಅಕ್ಕ ಮುಖ ತಿರುಗಿಸಿ ಜೀಪು ಹತ್ತಿದಳು. ಬಾಯಿ ಬಿಟ್ಟದ್ದು ಠಾಣೆಯಲ್ಲಿ.

"ಅವಳಿಗೆ ಮೌಸ್ ಹಿಡಿಯೋದು ಕಲಿಸಿದ್ದೇ ನಾನು ಸಾರ್. ಪೇಪರ್‌ನಲ್ಲಿ ಅವಳ ಫೋಟೋ ಬಂತು. ಅಮ್ಮ ಅದನ್ನ ಕತ್ತರಿಸಿ ಗೋಡೆಗೆ ಅಂಟಿಸಿದ್ಲು. ಹೊಟ್ಟೆ ಉರೀತು, ನುಂಗ್ಕೊಂಡೆ. ಆ ಶನಿವಾರ ನನ್ನ ಮಗಳಿಗೆ ಲೆಕ್ಕ ಹೇಳ್ಕೊಡೋಕೆ ಕೂತೆ. 'ನೀನು ಬೇಡ, ಚಿಕ್ಕಮ್ಮ ಬರಲಿ' ಅಂದ್ಲು."

ಇನ್‌ಸ್ಪೆಕ್ಟರ್ ಆ ಮಾತನ್ನು ಹಾಗೆಯೇ ಬರೆದುಕೊಂಡರು.

"ಮಗಳು ಈಗ ಯಾರ ಹತ್ರ ಇದ್ದಾಳೆ?" ಕಾನ್‌ಸ್ಟೇಬಲ್ ಕೇಳಿದಳು.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅವಳ ಹತ್ರಾನೇ."