ದೀಪಸ್ತಂಭದ ಖಾಲಿ ಕೋಣೆ

"ಡೆನ್ವರ್!"

ಕೂಗಿದ ಮೇಲೆ ಡುಲ್ಸಿನ್‌ಗೆ ತನ್ನ ಬಗ್ಗೆಯೇ ಆಶ್ಚರ್ಯವಾಯಿತು. ಹದಿನಾಲ್ಕು ತಿಂಗಳಿಂದ ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

ಮಣಿಪಾಲದ ಟೈಗರ್ ಸರ್ಕಲ್. ಏಪ್ರಿಲ್ ತಿಂಗಳ ಶನಿವಾರ ಮಧ್ಯಾಹ್ನ. ಕಾರ್ಕಳದ ಬಸ್ಸಿಗೆ ಕಾಯುತ್ತಿದ್ದವನು ತಿರುಗಿ ನೋಡಿದ. ಅವನೇ... ಅದೇ ಕಣ್ಣು, ಅದೇ ಕೆದರಿದ ಕೂದಲು. ಅಷ್ಟು ಸೆಕೆಯಲ್ಲೂ ಕುತ್ತಿಗೆಗೊಂದು ಕರ್ಚೀಫು ಸುತ್ತಿಕೊಂಡಿದ್ದ.

ಅವನ ತುಟಿ ಅಲುಗಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವಳು ಕಾದಳು.

ಅವನು ಹೇಳಲಿಲ್ಲ. ತಲೆ ತಗ್ಗಿಸಿದ. ಬಸ್ಸು ಬಂತು, ಹತ್ತಿ ಹೋದ.

'ಒಂದು ಮಾತು! ಹೇಗಿದ್ದಿ ಅಂತ ಒಂದೇ ಒಂದು ಮಾತು ಕೇಳಿದ್ದರೆ ನಿನ್ನ ಗಂಟು ಏನು ಹೋಗುತ್ತಿತ್ತು ಮಾರಾಯ?' ತನ್ನೂರು ಕಾಪುವಿಗೆ ತಲುಪುವವರೆಗೂ ಅವಳು ಬಸ್ಸಿನ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಅತ್ತಳು. ಉಡುಪಿಯ ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷಿಸುವುದು ಅವಳ ಕೆಲಸ. ಎದುರಿಗಿದ್ದವನ ಕುತ್ತಿಗೆಯ ಕರ್ಚೀಫು ಯಾಕೆ ಎಂದು ಮಾತ್ರ ಅವಳ ಕಣ್ಣಿಗೆ ಹೊಳೆಯಲಿಲ್ಲ.

ಪ್ರೀತಿಸಿದವರ ಬಗ್ಗೆ ತೀರ್ಮಾನಕ್ಕೆ ಬರುವುದರಲ್ಲಿ ಡುಲ್ಸಿನ್‌ಗೆ ಯಾವಾಗಲೂ ಅವಸರವೇ.

ಅವರಿಬ್ಬರನ್ನು ಕೂಡಿಸಿದ್ದು ಒಂದು ಆಟ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗುತ್ತಾರೆ, ಗೆಲುವು ಸೋಲು ದಾಳ ಹೇಳಿದ ಹಾಗೆ. ನಾಲ್ಕು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಡುಲ್ಸಿನ್ ಮನೆಯ ಊಟದ ಮೇಜಿನ ಸುತ್ತ ನಾಲ್ವರು ಕೂರುತ್ತಿದ್ದರು. ಡುಲ್ಸಿನ್ ಮತ್ತು ಡೆನ್ವರ್ ಮನೆಮಾತು ಕೊಂಕಣಿ, ಗೆಳತಿ ಅಕ್ಷಿತಾ ಮತ್ತು ಗೆಳೆಯ ತಿಲಕ್‌ರದ್ದು ತುಳು. ಹಾಗಾಗಿ ಆಟದ ಭಾಷೆ ಕನ್ನಡ ಎಂದು ಮೊದಲ ದಿನವೇ ನಿಯಮ ಮಾಡಿಕೊಂಡಿದ್ದರು.

ಕಥೆ ಹೇಳುವ ಸೂತ್ರಧಾರ ಡೆನ್ವರ್. ಕಾರ್ಕಳದ ಕಲ್ಲಿನ ಕಾರ್ಖಾನೆಯಲ್ಲಿ ಕೆತ್ತನೆಗೆ ಅಕ್ಷರ ಬರೆದುಕೊಡುವ ಹುಡುಗ. ಅವನ ಸ್ವರವೋ! ರಾಜನಾಗಿ ಗುಡುಗಿದರೆ ಅಡುಗೆಮನೆಯಲ್ಲಿದ್ದ ಡುಲ್ಸಿನ್‌ಳ ಅಮ್ಮ ಗ್ಲ್ಯಾಡಿಸ್ ಸೌಟು ಹಿಡಿದೇ ಓಡಿ ಬರುತ್ತಿದ್ದರು. ಡುಲ್ಸಿನ್ ಪಾತ್ರಕ್ಕೆ ಮೀನಿನ ಹೆಸರು ಸೇರಿಸಿ 'ಬಂಗುಡೆ ರಾಣಿ' ಎಂದು ಹೆಸರಿಟ್ಟವನೂ ಅವನೇ. ಪ್ರತಿ ತಿರುವಿನಲ್ಲೂ ಸ್ವರ ತಗ್ಗಿಸಿ, ಅವಳನ್ನೇ ನೋಡುತ್ತಾ ಕೇಳುತ್ತಿದ್ದ.

"ಬಾಗಿಲು ತೆರೆಯಿತು ರಾಣಿ... ಈಗ ಎಂತ ಮಾಡ್ತಿ?"

ಆ ಪ್ರಶ್ನೆಗೇ ಅವಳು ಸೋತಿದ್ದಳು.

ಆಮೇಲೆ ತಿಲಕ್ ದುಬೈಗೆ ಹೋದ. ಆಟ ಕಂಪ್ಯೂಟರಿಗೆ ಹತ್ತಿತು. ಆನ್‌ಲೈನಿನಲ್ಲಿ ಮೇಜು ಹಾಕಿಕೊಡುವ ಸಾಫ್ಟ್‌ವೇರ್ ಯಾವುದಾಗಬೇಕು ಎಂದು ಮೂರು ಭಾನುವಾರ ಮೂರನ್ನು ನೋಡಿದರು. ಮೊದಲನೆಯದರಲ್ಲಿ ಕೋಟೆ, ಕಡಲು ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಉಂಟು, ಆದರೆ ಡುಲ್ಸಿನ್‌ಳ ಹಳೆಯ ಲ್ಯಾಪ್‌ಟಾಪ್ ಹತ್ತೇ ನಿಮಿಷಕ್ಕೆ ಕಾದ ತವಾ ಆಯಿತು. ಎರಡನೆಯದು ಬಡವರ ಮೇಜು. ಒಂದು ನಕ್ಷೆ, ದಾಳ, ಬರೆದು ಮಾತಾಡಲು ಒಂದು ಬದಿ, ಅಷ್ಟೇ. ಫೋನಿನಲ್ಲೂ ನಡೆಯುತ್ತದೆ, ಎಲ್ಲರಿಗೂ ಎಲ್ಲವೂ ಕಾಣುತ್ತದೆ. ಮೂರನೆಯದರಲ್ಲಿ ನಕ್ಷೆಗೆ ಪದರಗಳು. ಸೂತ್ರಧಾರ ಅಡಿಯ ಪದರದಲ್ಲಿ ಇಟ್ಟದ್ದು ಅವನೊಬ್ಬನಿಗೆ ಕಾಣುತ್ತದೆ. ಮೇಲಿನ ಪದರಕ್ಕೆ ತಂದಾಗ ಮಾತ್ರ ಉಳಿದವರಿಗೆ.

"ನನಗೆ ಎರಡನೆಯದು ಸಾಕು. ಮುಚ್ಚಿಡುವುದು ಯಾಕೆ ಮಾರಾಯ?" ಎಂದಿದ್ದಳು ಡುಲ್ಸಿನ್.

"ಮುಚ್ಚಿಟ್ಟರೆ ತಾನೇ ಕಥೆ!" ಎಂದು ನಕ್ಕಿದ್ದ ಡೆನ್ವರ್.

ಅವನ ನಗುವಿಗೆ ಎದುರಾಡುವ ಶಕ್ತಿ ಅವಳಿಗೆಲ್ಲಿತ್ತು? ಮೂರನೆಯದೇ ಆಯಿತು.

ಕೆಲವು ತಿಂಗಳ ಬಳಿಕ ಒಂದು ಶುಕ್ರವಾರ ಫೋನಿನಲ್ಲಿ ಅವಳೇ ಧೈರ್ಯ ಮಾಡಿ ಕೇಳಿದ್ದಳು. "ಡೆನ್ವರ್... ಆಟ ಬಿಟ್ಟು ಕೇಳುತ್ತೇನೆ. ನಿನ್ನ ಬದುಕಿನಲ್ಲಿ ನನಗೆ ಜಾಗ ಉಂಟಾ?"

"ಉತ್ತರ ದೀಪಸ್ತಂಭದ ಕೋಣೆಯಲ್ಲಿ ಇಡುತ್ತೇನೆ. ಭಾನುವಾರ ನೋಡು," ಎಂದ. ಕಾಪುವಿನ ದೀಪಸ್ತಂಭವನ್ನೇ ನೋಡಿ ಅವನು ಆಟಕ್ಕೆ ಬಿಡಿಸಿದ ನಕ್ಷೆ ಅದು.

ಭಾನುವಾರ ಅವಳು ಬಂಗುಡೆ ರಾಣಿಯನ್ನು ಒಂದೊಂದೇ ಮೆಟ್ಟಿಲು ಹತ್ತಿಸಿದಳು. ಬಾಗಿಲು ತೆರೆದಳು.

ಕೋಣೆ ಖಾಲಿ.

ಮೂಲೆ ಮೂಲೆ ಹುಡುಕಿದಳು. ಬರೀ ನೆಲ, ಬರೀ ಗೋಡೆ. 'ಇದಾ ನಿನ್ನ ಉತ್ತರ? ಜಾಗ ಇಲ್ಲ ಅಂತ ಬಾಯಲ್ಲಿ ಹೇಳಲಿಕ್ಕೆ ಆಗದೆ ಖಾಲಿ ಕೋಣೆ ತೋರಿಸಿದ್ದಾ!'

ಅಳುತ್ತಲೇ ಮೆಸೇಜು ಬರೆದಳು. "ನೋಡಿದೆ ಡೆನ್ವರ್. ಇನ್ನು ನಾನು ಆಟಕ್ಕೆ ಬರುವುದಿಲ್ಲ. ನನಗೆ ಫೋನು ಮಾಡಬೇಡ."

ಅವನು ಮಾಡಲಿಲ್ಲ. ಯಾಕೆ ಖಾಲಿ ಎಂದು ಅವಳೂ ಕೇಳಲಿಲ್ಲ. ಹದಿನಾಲ್ಕು ತಿಂಗಳು ಹಾಗೆಯೇ ಹೋದವು.

ಟೈಗರ್ ಸರ್ಕಲ್‌ನಿಂದ ಅತ್ತುಕೊಂಡು ಬಂದ ದಿನ ಸಂಜೆ ಅಕ್ಷಿತಾ ಫೋನು ಮಾಡಿದಳು. ಜೀವದ ಗೆಳತಿ, ಈಚೆಗೆ ಯಾಕೋ ಪರಕೀಯಳ ಹಾಗೆ ಮಾತಾಡುತ್ತಿದ್ದಳು.

"ಆಟ ಮತ್ತೆ ಶುರು ಮಾಡುತ್ತೇವೆ. ಹಳೆಯ ಸಾಫ್ಟ್‌ವೇರ್ ಬಿಡುತ್ತೇವೆ, ನಾಳೆ ಸಂಜೆಗೆ ಅಲ್ಲಿನ ನಕ್ಷೆಗಳೆಲ್ಲ ಅಳಿಸಿಹೋಗುತ್ತವೆ. ಪಾತ್ರಗಳನ್ನು ಹೊರತೆಗೆಯಲಿಕ್ಕೆ ಅಂತ ಡೆನ್ವರ್ ಅಲ್ಲಿನ ಸೂತ್ರಧಾರನ ಜಾಗ ನನಗೆ ಬಿಟ್ಟುಕೊಟ್ಟಿದ್ದ. ನನ್ನ ಪಾತ್ರದ ಪುಟ ತೆಗೆದುಕೊಂಡೆ. ಈಗ ಆ ಜಾಗ ನಿನಗೆ ಕೊಟ್ಟಿದ್ದೇನೆ, ನಿನ್ನ ರಾಣಿಯನ್ನು ಬೇಕಾದರೆ ತೆಗೆದುಕೋ."

"ಹೊಸದು ಯಾವುದು?"

"ಅದೇ ಗೊತ್ತಾಗುತ್ತಿಲ್ಲ. ಬರೀ ಬರೆದು ಆಡುವಂಥದ್ದು ಬೇಕು. ಸೂತ್ರಧಾರ ಮಾತಾಡದಿದ್ದರೂ ನಡೆಯಬೇಕು."

"ಮಾತಾಡದೆ ಎಂತ ಆಟ?" ಡುಲ್ಸಿನ್ ಕಹಿಯಾಗಿ ನಕ್ಕಳು. "ಆ ಡೆನ್ವರ್‌ಗೆ ಈಗ ಮಾತಾಡಲಿಕ್ಕೂ ಜಂಬವಾ?"

ಆ ಕಡೆ ಅಕ್ಷಿತಾ ಸಿಡಿದಳು.

"ನೀನು ಇಷ್ಟು ಕಲ್ಲು ಅಂತ ನನಗೆ ಗೊತ್ತಿರಲಿಲ್ಲ ಡುಲ್ಸಿ. ಎಲ್ಲ ನಿನಗೆ ಬರೆದಿದ್ದ ಅವನು!"

ಫೋನು ಕಟ್.

'ಬರೆದಿದ್ದನಾ? ಎಲ್ಲಿ?' ಡುಲ್ಸಿನ್ ಲ್ಯಾಪ್‌ಟಾಪ್ ತೆರೆದಳು. ಮೊದಲ ಬಾರಿಗೆ ಸೂತ್ರಧಾರನ ಕಣ್ಣಿನಿಂದ ಆ ನಕ್ಷೆ ಕಂಡಿತು. ಹಿಂದೆ ಅವಳಿಗೆ ಕಾಣದಿದ್ದ ಕಳ್ಳರು, ಗುಂಡಿಗಳು, ಅವನು ತೋರಿಸದೇ ಉಳಿಸಿದ ನಿಧಿಗಳು ಎಲ್ಲ ಮಸುಕಾಗಿ ಮೂಡಿದ್ದವು. ದೀಪಸ್ತಂಭದ ಮೆಟ್ಟಿಲು ಹತ್ತಿ ಕೋಣೆಗೆ ಬಂದಳು.

ನಡುನೆಲದ ಮೇಲೆ ಮಸುಕಾಗಿ ಒಂದು ಪತ್ರ.

"ಡುಲ್ಸಿ, ನನ್ನ ಗಂಟಲಿನಲ್ಲಿ ಗಡ್ಡೆ ಉಂಟು. ಬುಧವಾರ ಆಪರೇಷನ್. ಸ್ವರದ ನರಕ್ಕೆ ಅಂಟಿಕೊಂಡಿದೆಯಂತೆ, ಮಾತು ಉಳಿಯುವುದು ಕಷ್ಟ ಅಂದಿದ್ದಾರೆ. ಜಾಗ ಉಂಟಾ ಅಂತ ಕೇಳಿದೆಯಲ್ಲ? ಈ ಇಡೀ ಕಥೆ ಕಟ್ಟಿದ್ದೇ ನಿನ್ನನ್ನು ಎದುರಿಗೆ ಕೂರಿಸಿಕೊಳ್ಳಲಿಕ್ಕೆ. ಒಂದು ಮಾತು ನಿನಗೆ ಬಾಯಾರೆ ಹೇಳಬೇಕು, ಸ್ವರ ಇರುವಾಗಲೇ. ಮಾತಿಲ್ಲದವನು ಬೇಕು ಅನಿಸಿದರೆ ಮಂಗಳವಾರದೊಳಗೆ ಒಂದು ಫೋನು ಮಾಡು. ಬೇಡ ಅನಿಸಿದರೆ ಬೇಸರವಿಲ್ಲ."

ಪತ್ರವನ್ನು ಅವನು ಮೇಲಿನ ಪದರಕ್ಕೆ ತಂದಿರಲೇ ಇಲ್ಲ! ಅವನ ಕಣ್ಣಿಗೆ ಕಾಣುತ್ತಿತ್ತಲ್ಲ, ಅವಳಿಗೂ ಕಾಣುತ್ತದೆ ಅಂದುಕೊಂಡಿದ್ದ. ಆ ಆತಂಕದಲ್ಲಿ ಯಾರಿಗೆ ತಾನೇ ಪದರದ ನೆನಪಿರುತ್ತದೆ?

ಡುಲ್ಸಿನ್‌ಗೆ ತಾನು ಬರೆದ ಮೆಸೇಜು ನೆನಪಾಯಿತು. 'ನೋಡಿದೆ... ಫೋನು ಮಾಡಬೇಡ...'

"ಅಯ್ಯೋ ದೇವರೇ... ಎಂತ ಬರೆದುಬಿಟ್ಟೆ ನಾನು!"

ಗ್ಲ್ಯಾಡಿಸ್ ಓಡಿ ಬಂದಾಗ ಮಗಳು ಲ್ಯಾಪ್‌ಟಾಪಿನ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದಳು. ಎಲ್ಲವನ್ನೂ ಕೇಳಿ ತಾಯಿ ಅವಳ ಬೆನ್ನು ಸವರುತ್ತಾ ಕುಳಿತರು. ಆ ಸ್ವರವನ್ನು ಕೇಳಿ ಸೌಟು ಹಿಡಿದು ಓಡಿ ಬರುತ್ತಿದ್ದ ಅವರ ಕಣ್ಣೂ ತುಂಬಿತ್ತು.

ಸಮಾಧಾನವಾದ ಮೇಲೆ ಡುಲ್ಸಿನ್ ಅಕ್ಷಿತಾಗೆ ಆ ಪತ್ರದ ಚಿತ್ರ ಕಳಿಸಿ ಒಂದೇ ಸಾಲು ಬರೆದಳು. "ಇದನ್ನು ನಾನು ಈಗಷ್ಟೇ ನೋಡಿದ್ದು."

ಬೆಳಿಗ್ಗೆ ತಾಯಿ ಕೇಳಿದರು. "ಚರ್ಚಿಗೆ ಪೂಜೆಗೆ ಬರುವುದಿಲ್ಲವಾ?"

"ಇವತ್ತು ನನ್ನ ಪೂಜೆ ಕಾರ್ಕಳದ ಕಡೆ ಮಮ್ಮಿ."

ಕಾಪುವಿನಿಂದ ಉಡುಪಿ, ಉಡುಪಿಯಿಂದ ಕಾರ್ಕಳ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಜಗೋಳಿ. ಜಂಕ್ಷನ್ನಿನಿಂದ ಸ್ವಲ್ಪ ಒಳಗೆ ಡೆನ್ವರ್‌ನ ಮನೆ. ಅವನ ತಂದೆ ರೊಸಾರಿಯೊ ಬಾಗಿಲು ತೆರೆದರು.

"ನಾನು ಡುಲ್ಸಿನ್... ಕಾಪುವಿನಿಂದ."

ಅವರ ಮುಖ ಗಟ್ಟಿಯಾಯಿತು. "ಆ ಡುಲ್ಸಿನ್ನಾ? ಆಪರೇಷನ್ನಿಗೆ ಕರೆದುಕೊಂಡು ಹೋಗುವವರೆಗೂ ಅವನು ಫೋನು ಕೈಯಿಂದ ಬಿಡಲಿಲ್ಲ ಮಗಳೇ. ನರ್ಸೇ ಬಂದು ಬಿಡಿಸಬೇಕಾಯಿತು."

"ನನಗೆ ಗೊತ್ತಿರಲಿಲ್ಲ ಅಂಕಲ್. ನಿಜವಾಗಿ ಗೊತ್ತಿರಲಿಲ್ಲ..."

ಅವಳ ಮುಖ ನೋಡಿ ಮುದುಕರು ಬಾಗಿಲಿನಿಂದ ಸರಿದು ನಿಂತರು.

ಡೆನ್ವರ್ ಕೋಣೆಯಲ್ಲಿ ಕಾಗದದ ಮೇಲೆ ಅಕ್ಷರ ಬಿಡಿಸುತ್ತಿದ್ದ. ಅವಳನ್ನು ಕಂಡು ಎದ್ದುನಿಂತ, ಕೈ ತಾನಾಗಿ ಕುತ್ತಿಗೆಯ ಕರ್ಚೀಫಿಗೆ ಹೋಯಿತು.

ಡುಲ್ಸಿನ್ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು, ಪಕ್ಕದಲ್ಲಿ ಫೋನು ಇಟ್ಟಳು. ಎರಡರಲ್ಲೂ ಅದೇ ದೀಪಸ್ತಂಭ. ಲ್ಯಾಪ್‌ಟಾಪಿನಲ್ಲಿ ಸೂತ್ರಧಾರನಿಗೆ ಕಾಣುವ ಕೋಣೆ, ಅದರಲ್ಲಿ ಪತ್ರ. ಫೋನಿನಲ್ಲಿ ಬಂಗುಡೆ ರಾಣಿಗೆ ಕಂಡ ಕೋಣೆ.

ಅದು ಖಾಲಿ.

ಅವನು ಇದನ್ನು ನೋಡಿದ, ಅದನ್ನು ನೋಡಿದ, ಮತ್ತೆ ಇದನ್ನು ನೋಡಿದ. ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಸಿದು ಕುಳಿತ. ತನ್ನ ಫೋನಿನಲ್ಲಿ ಬರೆದು ತೋರಿಸಿದ.

"ನಾನೇ ಮೇಲೆ ತರಲಿಲ್ಲ."

"ಹೌದು, ನೀನೇ!" ಅವಳು ಅಳುತ್ತಾ ಅವನ ಭುಜಕ್ಕೆ ಗುದ್ದಿದಳು. "ನಾನೂ ಒಂದು ಮಾತು ಕೇಳಬಹುದಿತ್ತು... ಯಾಕೆ ಖಾಲಿ ಅಂತ ಒಂದೇ ಮಾತು! ಎಂತ ಹೇಳಬೇಕು ಅಂತ ಇದ್ದೆ ಡೆನ್ವರ್? ಸ್ವರ ಇರುವಾಗ?"

ಅವನ ಬೆರಳು ತಡೆತಡೆದು ಓಡಿತು. "ಹೇಗೆ ಹೇಳುವುದು ಅಂತ ಅಭ್ಯಾಸ ಮಾಡಿದ್ದೆ. ರೆಕಾರ್ಡ್ ಕೂಡ ಮಾಡಿ ಇಟ್ಟಿದ್ದೆ."

"ಉಂಟಾ? ಎಲ್ಲಿ?"

ಇಲ್ಲವೆಂದು ತಲೆಯಾಡಿಸಿ ಅವನು ಬರೆದ. "ನಿನ್ನ ಮೆಸೇಜು ಬಂದ ಮೇಲೆ ಅಳಿಸಿದೆ."

ಇನ್ನು ಆ ಸ್ವರ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಅವಳಿಗಾಗಿ ಕಾದಿಟ್ಟ ಮಾತನ್ನು ಆ ಸ್ವರದಲ್ಲಿ ಅವಳು ಎಂದೂ ಕೇಳುವುದಿಲ್ಲ. ಆ ಸತ್ಯ ಎದೆಗೆ ಇಳಿದಾಗ ಡುಲ್ಸಿನ್ ನೆಲದ ಮೇಲೆಯೇ ಕುಳಿತುಬಿಟ್ಟಳು. ಅವನೂ ಪಕ್ಕದಲ್ಲಿ ಬಂದು ಕುಳಿತ. ಇಬ್ಬರೂ ಮನಸಾರೆ ಅತ್ತರು. ಅವನ ಅಳುವಿಗೂ ಸದ್ದಿರಲಿಲ್ಲ.

ಮೂಗು ಒರೆಸಿಕೊಂಡು ಅವಳೇ ಮೊದಲು ಮಾತಾಡಿದಳು. "ಯಾವ ಸಾಫ್ಟ್‌ವೇರ್ ಅಂತ ಅಕ್ಷಿತಾ ಕೇಳಿದ್ದಳು. ಬಸ್ಸಿನಿಂದಲೇ ಹೇಳಿದೆ, ಎರಡನೆಯದು. ಎಲ್ಲರಿಗೂ ಎಲ್ಲವೂ ಕಾಣುವಂಥದ್ದು. ಮುಚ್ಚಿಟ್ಟದ್ದು ಸಾಕು."

"ಸ್ವರ ಇಲ್ಲದ ಸೂತ್ರಧಾರ ಯಾರಿಗೆ ಬೇಕು?" ಎಂದು ಬರೆದ ಅವನು.

"ನನಗೆ ಬೇಕು! ನೀನು ಬರೆ, ನಾನು ಓದಿ ಹೇಳುತ್ತೇನೆ. ರಾಜನಿಗೂ ನನ್ನ ಸ್ವರ, ಮಂತ್ರಿಗೂ ನನ್ನ ಸ್ವರ. ರಾಕ್ಷಸನಿಗೆ ತಿಲಕ್ ಸಾಕು."

ಅಳುವಿನ ನಡುವೆ ಅವನ ಮುಖದಲ್ಲಿ ಆ ಹಳೆಯ ನಗು ಒಂದು ಕ್ಷಣ ಬಂದು ಹೋಯಿತು.

ಡುಲ್ಸಿನ್ ಎರಡೂ ಕೈಯಲ್ಲಿ ಅವನ ಮುಖ ಹಿಡಿದಳು. "ಇವತ್ತು ಸಂಜೆಯವರೆಗೆ ಈ ಕಥೆಗೆ ಸೂತ್ರಧಾರ ನಾನು. ರಾಣಿ ಬಜಗೋಳಿಗೆ ಬಂದಿದ್ದಾಳೆ. ಬಾಗಿಲು ತೆರೆದಿದೆ. ಹೇಳು ಡೆನ್ವರ್... ಈಗ ಎಂತ ಮಾಡ್ತಿ?"

ಅವನು ಬರೆಯಲು ಫೋನು ಎತ್ತಿಕೊಂಡ. ಒಂದು ಕ್ಷಣ ಯೋಚಿಸಿ ಅದನ್ನು ಕವುಚಿ ಇಟ್ಟ. ಕರ್ಚೀಫು ಬಿಚ್ಚಿದ. ಕುತ್ತಿಗೆಗೆ ಅಡ್ಡವಾಗಿ ಒಂದು ಗಾಯದ ಗೆರೆ. ಎದ್ದು ಹೋಗಿ ಫ್ಯಾನು ಆರಿಸಿದ. ಅದರ ಸದ್ದಿನಲ್ಲಿ ತನ್ನ ಪಿಸುಮಾತು ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕೋಣೆಯಲ್ಲಿ ಸೆಕೆ ತುಂಬಿತು. ಅವನು ಅವಳ ಕಿವಿಯ ಹತ್ತಿರ ಬಾಗಿದ. ಬಂದದ್ದು ಸ್ವರವಲ್ಲ, ಬರೀ ಉಸಿರು. ಆ ಉಸಿರಿನಲ್ಲೇ ಹದಿನಾಲ್ಕು ತಿಂಗಳ ಹಿಂದಿನ ಆ ಮಾತನ್ನು ಅವನು ಪೂರ್ತಿ ಹೇಳಿದ.

ಹೇಳಿ ಮುಗಿಸಿ, ಹೆದರಿದ ಕಣ್ಣಿನಿಂದ ಅವಳನ್ನು ನೋಡಿದ. ತುಟಿ ಅಲುಗಿತು.

"ಕೇಳಿಸಿತಾ?"

"ಕೇಳಿಸಿತು," ಎಂದಳು ಡುಲ್ಸಿನ್, ಅವನ ಹಣೆಗೆ ಹಣೆ ತಾಗಿಸಿ. "ಇನ್ನೊಮ್ಮೆ ಹೇಳು."